ಬಡಿದ ಕೊಕ್ಕೆ, ಕೊರೆದ ಕೊಕ್ಕೆ

ಕಬ್ಬಿಣ ಮಾರುವವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ಚೀಲ ಹೆಗಲಿಗೇರಿಸಿ ಕೂಡ್ಲಿಗಿ ಬಸ್ ನಿಲ್ದಾಣದಲ್ಲಿ ನಿಂತರೆ ಸಾಕು, ಹತ್ತಿದ ಬಸ್ಸು ಯಾವ ಊರಿನದಾದರೂ ಸಂಜೆಯೊಳಗೆ ನಗುವಂಥದ್ದೊಂದು ಸಿಕ್ಕೇ ಸಿಗುತ್ತದೆ. ನಾನು ಮೆಕ್ಯಾನಿಕಲ್ ಬಿ.ಇ. ಮಾರುವುದು ಟ್ರ್ಯಾಕ್ಟರಿನ ಹಿಂದೆ ಟ್ರೇಲರ್ ಸಿಕ್ಕಿಸುವ ಕೊಕ್ಕೆ. ನಾಲ್ಕು ವರ್ಷದ ಓದು ಈ ಕೆಲಸದಲ್ಲಿ ಒಂದೇ ಒಂದು ಸಲ ಉಪಯೋಗಕ್ಕೆ ಬಂತು. ಅದು ಕೊನೆಗೆ.

೧. ಎರಡು ಬ್ರೋಷರು

ಮೊದಲ ವರ್ಷ ಕಂಪನಿ ಕೊಟ್ಟ ಬ್ರೋಷರಿನಲ್ಲಿ ಹೀಗಿತ್ತು: ‘ಕೆಂಪಗೆ ಕಾಯಿಸಿ ಬಡಿದ ಫೋರ್ಜ್ಡ್ ಕೊಕ್ಕೆ. ಇದಕ್ಕೆ ಸಾಟಿಯಿಲ್ಲ.’ ಐದು ತಾಲ್ಲೂಕು ಸುತ್ತಿ ಅದನ್ನೇ ಹೇಳಿದೆ. ಮರುವರ್ಷ ಕಂಪನಿ ಕಂಪ್ಯೂಟರ್ ನಡೆಸುವ ಒಂದು ಯಂತ್ರ ಕೊಂಡಿತು. ಹೊಸ ಬ್ರೋಷರು ಬಂತು: ‘ಇಡೀ ಉಕ್ಕಿನ ದಿಮ್ಮಿಯಿಂದ ಕೊರೆದು ತೆಗೆದ ಬಿಲೆಟ್ ಕೊಕ್ಕೆ. ಬಡಿಯುವುದು ಹಳೇ ಕಾಲದ್ದು.’

“ಸಾರ್, ಉಕ್ಕು ಒಳ್ಳೆಯದಿದ್ದು ಹದ ಸರಿಯಾಗಿದ್ದರೆ ಎರಡೂ ನಡೆಯುತ್ತವೆ” ಎಂದೆ ಮ್ಯಾನೇಜರಿಗೆ.

“ಅದನ್ನ ಬರೆದರೆ ಯಾರು ಕೊಳ್ತಾರ್ರೀ?” ಎಂದರು. “ಕೊಟ್ಟೂರಿನ ದೊಡ್ಡ ಅಂಗಡಿಯಿಂದ ಈ ವರ್ಷ ಮುಗಿಯೋದ್ರೊಳಗೆ ಆರ್ಡರ್ ಬರಬೇಕು. ಬರದಿದ್ದರೆ ಐದೂ ತಾಲ್ಲೂಕು ನನ್ನ ಅಳಿಯನಿಗೆ, ನಿಮಗೆ ಗೋದಾಮು.”

ಅಳಿಯ ಓದಿದ್ದು ಹೋಟೆಲ್ ಮ್ಯಾನೇಜ್‌ಮೆಂಟ್. ಉಕ್ಕಿನ ಬಗ್ಗೆ ಅವನಿಗೆ ಯಾವ ಸಂಶಯವೂ ಇರಲಿಲ್ಲ.

೨. ಹಡಗಲಿಯ ನೇಗಿಲು

ಫೋರ್ಜ್ಡ್ ವರ್ಷದಲ್ಲಿ ಹಡಗಲಿಯ ಹಿರಿಯ ರೈತರೊಬ್ಬರಿಗೆ ವಿವರಿಸಿದ್ದೆ: ಉಕ್ಕಿನಲ್ಲೂ ಕಟ್ಟಿಗೆಯ ಹಾಗೆ ನಾರು ಇರುತ್ತದೆ, ಕಾಯಿಸಿ ಬಡಿದರೆ ಆ ನಾರು ಕೊಕ್ಕೆಯ ಜೊತೆಗೇ ಬಾಗುತ್ತದೆ, ಕಡಿಯುವುದಿಲ್ಲ. ಅವರು ತಲೆದೂಗಿ ಎರಡು ಕೊಕ್ಕೆ ತೆಗೆದುಕೊಂಡಿದ್ದರು.

ಬಿಲೆಟ್ ವರ್ಷದಲ್ಲಿ ಅದೇ ಕಟ್ಟೆಯ ಮೇಲೆ ಅವರೇ ಕೂತಿದ್ದರು. ನಾನು ದಿಮ್ಮಿಯ ಕಥೆ ಶುರು ಮಾಡಿದೆ. ಪೂರ್ತಿ ಕೇಳಿದರು.

“ನೇಗಿಲಕ್ಕ ನಾವು ತಾನಾಗೇ ಬಾಗಿದ ಕಟಗಿ ಹುಡುಕ್ತೀವ್ರಿ. ಯಾಕ ಹೇಳ್ರಿ?”

“ಯಾಕ್ರಿ?”

“ನೆಟ್ಟನ್ನ ಕಟಗಿ ಕೊರದು ಮಾಡಿದ್ರ ಬಾಗಿನಾಗ ಸೀಳ್ತೈತಿ. ಹ್ವಾದ ವರ್ಷ ನಾರು ಕಡೀಬಾರ್ದು ಅಂದ್ರಿ. ಈ ವರ್ಷ ನೀವ ಎಲ್ಲಾ ಕಡದು ತಂದೀರಿ. ನಡುವ ಏನಾತ್ರಿ?”

“ಕಂಪನಿ ಮಷೀನು ತಂತ್ರಿ.”

“ಹಂಗನ್ರಿ ಮತ್ತ” ಎಂದು ಎಲೆಯಡಿಕೆ ಚೀಲ ಮುಂದೆ ಮಾಡಿದರು. ಆ ಇಡೀ ವಾರದಲ್ಲಿ ನಾನು ಆಡಿದ ಒಂದೇ ನಿಜಕ್ಕೆ ಸಿಕ್ಕ ಬಹುಮಾನ ಅದು.

೩. ಹರಪನಹಳ್ಳಿಯ ದೂರು

ಬಾಗಳಿ ಕಡೆಯವರೊಬ್ಬರು ಎರಡು ತುಂಡಾದ ಕೊಕ್ಕೆಯೊಂದನ್ನು ಹರಪನಹಳ್ಳಿಯ ಅಂಗಡಿಯಲ್ಲಿ ನನ್ನ ಮುಂದೆ ಎಸೆದರು. “ನಿಮ್ ಫೋರ್ಜ್ಡು ನೋಡ್ರಿ!”

ನೋಡಿದೆ. ನಮ್ಮದಲ್ಲ. ಬಡಿದದ್ದೂ ಅಲ್ಲ, ಕೊರೆದದ್ದೂ ಅಲ್ಲ. ಕರಗಿಸಿ ಮರಳಿನ ಅಚ್ಚಿಗೆ ಸುರಿದದ್ದು. ಮುರಿದ ಕಡೆ ಒಳಗೆಲ್ಲ ಇಡ್ಲಿಯ ಹಾಗೆ ತೂತು. ಮೇಲೆ ‘ಫೋರ್ಜ್ಡ್’ ಎಂಬ ಸ್ಟಿಕ್ಕರ್. ಕಿತ್ತು ತೋರಿಸೋಣವೆಂದು ಉಗುರು ಹಾಕಿದೆ, ಚಾಕು ಹಾಕಿದೆ. ಬರಲಿಲ್ಲ.

“ಅದೊಂದು ಗಟ್ಟಿ ಐತೆ ಬಿಡ್ರಿ” ಎಂದರು ಅವರು.

೪. ಹಗರಿಬೊಮ್ಮನಹಳ್ಳಿಯ ಗೆಲುವು

ಬಿಲೆಟ್ ಕೊಕ್ಕೆಗೆ ಕಂಪನಿ ಬಂಗಾರದ ಬಣ್ಣ ಕೊಟ್ಟಿತ್ತು. ಹಗರಿಬೊಮ್ಮನಹಳ್ಳಿಯಲ್ಲಿ ಆರು ಹೋದವು. ಮೂರು ತಿಂಗಳು ಬಿಟ್ಟು ವಿಚಾರಿಸಲು ಹೋದೆ. ಮೊದಲ ಮನೆಯಲ್ಲಿ ಕೊಕ್ಕೆ ಟಿ.ವಿ. ಪಕ್ಕದ ಷೋಕೇಸಿನಲ್ಲಿತ್ತು.

“ಟ್ರ್ಯಾಕ್ಟರಿಗೆ ಹಾಕಿಲ್ವೇನ್ರಿ?”

“ಮಣ್ಣಾಗ್ತೈತ್ರಿ!” ಎಂದು ಮನೆಯಾಕೆ ಒಳಗಿನಿಂದಲೇ ಗದರಿಸಿದರು.

ಉಳಿದ ಐದೂ ಹೀಗೇ ಸುಖವಾಗಿದ್ದವು. ಇದ್ದದ್ದನ್ನು ಇದ್ದಂತೆ ವರದಿ ಬರೆದೆ. ಮ್ಯಾನೇಜರ್ ಒಂದು ವಾಕ್ಯ ಮಾತ್ರ ಉಳಿಸಿಕೊಂಡು ಮೇಲಿನವರಿಗೆ ಕಳಿಸಿದರು: ‘ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮ ಬಿಲೆಟ್ ಕೊಕ್ಕೆ ಒಂದೂ ಮುರಿದಿಲ್ಲ.’

೫. ಕೊಟ್ಟೂರಿನ ಗಾಜು

ಕೊಟ್ಟೂರಿನ ಆ ದೊಡ್ಡ ಅಂಗಡಿ ನಡೆಸುವವರು ಐವತ್ತು ದಾಟಿದ ಒಬ್ಬ ಅಕ್ಕ. ಏನನ್ನೂ ಎಸೆಯುವವರಲ್ಲ. ಅವರ ಗಲ್ಲಾದ ಗಾಜಿನ ಕೆಳಗೆ ನಮ್ಮ ಎರಡೂ ಬ್ರೋಷರುಗಳು ಅಕ್ಕಪಕ್ಕ ಮಲಗಿದ್ದವು. ನಾನು ಹೋದಾಗಲೆಲ್ಲ ಬೆರಳಿಟ್ಟು, “ತಮ್ಮಾ, ಇವತ್ತು ಯಾವುದು ಖರೇ?” ಎನ್ನುತ್ತಿದ್ದರು. ಮೊದಲ ವರ್ಷ ಒಂದಷ್ಟು ಕೊಕ್ಕೆ ಕೊಂಡಿದ್ದವರು ಬಿಲೆಟ್ಟಿನ ಷೋಕೇಸ್ ಕಥೆ ಕೇಳಿ ನಕ್ಕರು, ಆರ್ಡರ್ ಮಾತ್ರ ಇಲ್ಲ.

ವರ್ಷದ ಕೊನೆಯ ದಿನ ಮ್ಯಾನೇಜರೇ ಬಂದರು. ಮಖಮಲ್ಲಿನ ಪೆಟ್ಟಿಗೆಯಲ್ಲಿ ಬಂಗಾರದ ಕೊಕ್ಕೆ. ಹಿಂದೆ ಅಳಿಯ, ತಾಲ್ಲೂಕು ನೋಡಿಕೊಂಡು ಹೋಗಲು.

“ಮೇಡಂ, ಬಡಿಯೋದೆಲ್ಲ ಹಳೇದು. ಇದು ಒಂದೇ ದಿಮ್ಮಿಯಿಂದ ಬಂದದ್ದು.”

“ಆ ದಿಮ್ಮಿ ಹೆಂಗ ಮಾಡ್ತಾರ್ರಿ?”

ಮ್ಯಾನೇಜರ್ ಅಳಿಯನನ್ನು ನೋಡಿದರು. ಅಳಿಯ ಬ್ರೋಷರು ನೋಡಿದ. ಬ್ರೋಷರಿನಲ್ಲಿ ಇರಲಿಲ್ಲ. ಕೊನೆಗೆ ಇಬ್ಬರೂ ನನ್ನನ್ನು ನೋಡಿದರು. ನಾಲ್ಕು ವರ್ಷದ ಓದು ಎದ್ದು ನಿಂತಿತು.

“ಬಡಿದು” ಎಂದೆ.

ಮ್ಯಾನೇಜರ್ ಸಿಟ್ಟಿನಿಂದ ಕಾರ್ಖಾನೆಗೆ ಫೋನ್ ಹಚ್ಚಿದರು, ನನ್ನ ಬಾಯಿ ಮುಚ್ಚಿಸಲು ಸ್ಪೀಕರಿನಲ್ಲೇ. ಯಂತ್ರ ನಡೆಸುವವನ ದನಿ ಅಂಗಡಿ ತುಂಬ ಕೇಳಿತು: “ಬಡಿದ ದಿಮ್ಮಿನೇ ತರಿಸ್ತೀವಿ ಸಾರ್. ಬಡೀದೆ ಇದ್ರೆ ಗಟ್ಟಿ ಹೆಂಗೆ ಬರುತ್ತೆ ಸಾರ್?”

ಅಕ್ಕ ಸೆರಗು ಬಾಯಿಗೆ ಹಿಡಿದರು. ನಕ್ಕು ಮುಗಿಸಿ ನನ್ನ ಕಡೆ ತಿರುಗಿದರು. “ಬ್ರೋಷರು ಬಿಡು ತಮ್ಮಾ. ನಿನ್ನ ಟ್ರ್ಯಾಕ್ಟರಿಗಾದ್ರ ನೀ ಎಂಥದ್ದು ಹಾಕ್ತಿದ್ದಿ?”

“ಬಾಗು ಬಡಿದದ್ದು, ಬೋಲ್ಟಿನ ತೂತು ಕೊರೆದದ್ದು, ಅಕ್ಕಾರ. ಬಣ್ಣ ಬ್ಯಾಡ.”

“ಇದನ್ನ ಮೊದಲ ಹೇಳಾಕ ಏನಾಗಿತ್ತು?”

“ಯಾರೂ ಕೇಳಿರಲಿಲ್ರಿ.”

“ಅಂಥವು ನೂರು ಕಳಸ್ರಿ” ಎಂದರು ಮ್ಯಾನೇಜರಿಗೆ. “ಈ ತಮ್ಮನ ಕೈಲೇ ಕಳಸ್ರಿ. ಬ್ಯಾರೇದವರು ಬಂದ್ರ ದಿಮ್ಮಿಯಿಂದ ಮತ್ತ ಶುರು ಮಾಡಬೇಕಾಗ್ತೈತಿ.”

ಅಳಿಯ ಮಖಮಲ್ಲಿನ ಪೆಟ್ಟಿಗೆ ಮುಚ್ಚಿದ. ಐದು ತಾಲ್ಲೂಕು ನನಗೇ ಉಳಿದವು.

ತಿಂಗಳೊಳಗೆ ಮೂರನೆಯ ಬ್ರೋಷರು ಬಂತು: ‘ಬಾಗು ಬಡಿದು, ತೂತು ಕೊರೆದು. ನಮ್ಮ ಹೊಚ್ಚಹೊಸ ತಂತ್ರಜ್ಞಾನ!’ ಅಕ್ಕ ಅದನ್ನು ಗಾಜಿನ ಕೆಳಗೆ ಮೊದಲನೆಯದರ ಪಕ್ಕಕ್ಕೆ ಸೇರಿಸಿ ಬಗ್ಗಿ ನೋಡಿದರು.

“ತಮ್ಮಾ, ಎರಡರಾಗೂ ಫೋಟೋ ಒಂದ ಐತಲ್ಲೋ?”

“ಕೊಕ್ಕೆನೂ ಒಂದ ಅಕ್ಕಾರ. ಮೊದಲ ವರ್ಷದ್ದೂ ಬಡಿದು, ತೂತು ಕೊರೆದೇ ಮಾಡಿದ್ದು.”

ಅವರು ಆರ್ಡರ್ ಪುಸ್ತಕ ತೆಗೆದರು.

“ಹಂಗಾದ್ರ ಇನ್ನೂ ನೂರು ಕಳಸು. ಮೊದಲ ವರ್ಷದ್ದು ಒಂದೂ ವಾಪಸ್ ಬಂದಿಲ್ಲ, ಮತ್ತ ಅವನ್ನ ಯಾರೂ ಷೋಕೇಸಿನಾಗ ಇಟ್ಟಿಲ್ಲ.”