ಅರ್ಧ ಬಾಳೆಹಣ್ಣಿನ ಶಾಸ್ತ್ರ

ನಮ್ಮ ಕಾಕಾನಷ್ಟು ನಾಚಿಕೆಗೆಟ್ಟ ಪುರೋಹಿತ ಇಡೀ ಕಲಬುರಗಿಯಲ್ಲಿ ಇನ್ನೊಬ್ಬನಿರಲಿಲ್ಲ! ಇದು ನನ್ನ ಮಾತಲ್ಲ, ಅವನ ಖಾಸಾ ಅಣ್ಣನ, ಅಂದರೆ ನನ್ನ ಅಪ್ಪನ ತೀರ್ಪು. ಅಪ್ಪ ಈ ತೀರ್ಪನ್ನು ಮಾಮೂಲಿ ದಿನಗಳಲ್ಲಿ ವಾರಕ್ಕೊಮ್ಮೆ, ಮದುವೆಯ ಹಂಗಾಮಿನಲ್ಲಿ ದಿನಕ್ಕೆರಡು ಸಲ ಹೇಳುತ್ತಿದ್ದರು. ಹಾಗಂತ ಕಾಕಾ ದಕ್ಷಿಣೆ ಕದ್ದವನಲ್ಲ, ಮಂತ್ರ ನುಂಗಿದವನಲ್ಲ. ಅವನು ಮಾಡಿದ್ದು ಇಷ್ಟೇ: ಒಂದು ಯಾದಿ, ಅಂದರೆ ಪಟ್ಟಿ, ಬರೆದಿದ್ದ.

ಮದುವೆಯಾದ ಮೇಲೆ ಗಂಡು ಹೆಣ್ಣನ್ನು ಮೊದಲ ಸಲ ಒಂದು ಕೋಣೆಗೆ ಕಳಿಸುವ ಶಾಸ್ತ್ರಕ್ಕೆ ನಮ್ಮಲ್ಲಿ ಪ್ರಸ್ತ ಎನ್ನುತ್ತಾರೆ. ಅದಕ್ಕೂ ಮುಹೂರ್ತ, ಅದಕ್ಕೂ ಹೋಮ, ಅದಕ್ಕೂ ಸಾಮಾನಿನ ಯಾದಿ. ಬೇರೆ ಪುರೋಹಿತರು ಅರಿಶಿನ, ಕುಂಕುಮ, ಎಲೆ ಅಡಿಕೆ, ತೆಂಗಿನಕಾಯಿ ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಕಾಕಾನ ಯಾದಿಯೂ ಮೊದಲ ನಾಲ್ಕು ಕಲಮಿನ ತನಕ ಬಲು ಸಭ್ಯ. ಐದರಿಂದ ಹಳಿ ತಪ್ಪುತ್ತಿತ್ತು. ಐದು, ವರನು ಕೈಕಾಲಿನ ಉಗುರು ತೆಗೆದಿರತಕ್ಕದ್ದು. ಆರು, ಊಟದ ನಂತರ ಇನ್ನೊಮ್ಮೆ ಹಲ್ಲುಜ್ಜತಕ್ಕದ್ದು. ತಂಬಾಕಿನವರು ಎರಡು ಸಲ. ಏಳು, ಅತ್ತರು, ಒಂದೇ ಹನಿ. ಎಂಟು, ಕೋಣೆಯಲ್ಲಿ ಗಡಿಯಾರ ಇರಕೂಡದು. ಒಂಬತ್ತು, ವಧುವನ್ನು ಹೆಸರು ಹಿಡಿದು ಕರೆಯತಕ್ಕದ್ದು. ‘ಏ’, ‘ಇಲ್ನೋಡು’ ಇವು ಹೆಸರಲ್ಲ. ಹತ್ತು, ಕಮಲಾಪುರದ ಕೆಂಪು ಬಾಳೆಹಣ್ಣು ಒಂದು. ಒಂದೇ! ಇಬ್ಬರೂ ಅರ್ಧರ್ಧ ತಿನ್ನತಕ್ಕದ್ದು. ಹನ್ನೊಂದು, ಅವಳನ್ನು ಕೇಳತಕ್ಕದ್ದು.

ಈ ಹನ್ನೊಂದನೆಯದನ್ನು ಓದಿದರೆ ಅಪ್ಪನ ಮೈಯೆಲ್ಲ ಉರಿಯುತ್ತಿತ್ತು. “ತಾಳಿ ಕಟ್ಟಿದ ಮ್ಯಾಲ ಮತ್ತೇನ್ ಕೇಳೂದಲೇ? ಇದು ಸಂತಾನಕ್ಕಂತ ಹೇಳಿದ ವಿಧಿ. ಅತ್ತರು ಯಾಕ, ಹಣ್ಣು ಯಾಕ? ಎಮ್ಮಿ ಅತ್ತರು ಹಚ್ಕೋತಾವೇನು?”

“ಎಮ್ಮಿ ಪಂಚಾಂಗಾನೂ ನೋಡಂಗಿಲ್ಲಣ್ಣಾ. ಹಂಗಂತ ನೀ ನೋಡೂದು ಬಿಟ್ಟೀಯೇನು?” ಎಂದ ಕಾಕಾ.

ಅಪ್ಪನ ಪಂಚಾಂಗದ ಕತೆಯೇ ಬೇರೆ. ಏಕಾದಶಿ ಬೇಡ, ಅಮಾವಾಸ್ಯೆ ಬೇಡ, ಹುಣ್ಣಿಮೆ, ಅಷ್ಟಮಿ, ಸಂಕ್ರಮಣ, ಹಿರಿಯರ ತಿಥಿ ಯಾವುದೂ ಬೇಡ ಎಂದು ಕೆಂಪು ಶಾಯಿಯಲ್ಲಿ ಕಾಟು ಹೊಡೆದರೆ ತಿಂಗಳಿಗೆ ನಾಲ್ಕು ದಿನ ಉಳಿಯುತ್ತಿದ್ದವು. ಆ ನಾಲ್ಕು ದಿನಕ್ಕೆ ನಮ್ಮ ಕಲಬುರಗಿಯ ಬಿಸಿಲು ಅಡ್ಡ! ಕಾಕಾ ಬಿಡುತ್ತಿರಲಿಲ್ಲ. “ಧರ್ಮ, ಅರ್ಥ, ಕಾಮ, ಮೋಕ್ಷ ಅಂತ ನಾಲ್ಕು ಹೇಳ್ಯಾರ. ಮೂರನೇದೇನು ಸಂತ್ಯಾಗಿಂದ ಕದ್ದು ತಂದು ನಡುವ ಇಟ್ಟಾರೇನು? ದಿನಾ ದೇವರಿಗೆ ಗಂಧ, ಹೂವು, ದೀಪ, ನೈವೇದ್ಯ ಮಾಡ್ತೀವಿ. ಕೊಡ್ರಿ ಅಂತ ದೇವರು ಕೇಳ್ಯಾನ? ಪ್ರೀತಿಗೆ ಮಾಡ್ತೀವಿ. ಆ ಕೋಣ್ಯಾಗ ಕೂತ ಜೀವಕ್ಕ ಅಷ್ಟೂ ಮಾಡಬಾರದೇನು?” ವಾದ ಇಲ್ಲಿಗೆ ಬಂದಾಗಲೆಲ್ಲ ಅಪ್ಪ ಸ್ನಾನಕ್ಕೆ ಹೋಗುತ್ತಿದ್ದರು.

ಯಾದಿಯ ಕೀರ್ತಿ ನಮ್ಮ ಜನರನ್ನು ದಾಟಿ ಹೋಗಿತ್ತು. ಕೋಟೆಯ ಹತ್ತಿರ ಅತ್ತರು ಮಾರುವ ಸಾಹೇಬರೊಬ್ಬರಿದ್ದರು. ಕಾಕಾ ಕಳಿಸಿದ ವರ ಎಂದರೆ ಅವರು ಎದ್ದು ನಿಂತು ಹತ್ತಿಗೆ ಒಂದು ಹನಿ ಹಾಕಿ ಕೊಡುವರು. ಕಾಕಾ ತಾನೇ ಹೋದರೆ “ಆಚಾರ್ ಸಾಬ್, ನಮ್ಮಲ್ಲಿ ಬುಜುರ್ಗ್ ಲೋಗ್ ಹೇಳೂದೂ ಇದೇ ಬಾತ್. ಪೈಲೆ ದೋ ಮೀಠಿ ಬಾತ್, ಬಾಕಿ ಸಬ್ ಬಾದ್ ಮೆ” ಎನ್ನುವರು. ಅವರ ಹಿರಿಯರೂ ಮೊದಲು ಎರಡು ಸಿಹಿ ಮಾತು, ಮಿಕ್ಕದ್ದೆಲ್ಲ ಆಮೇಲೆ ಎನ್ನುತ್ತಿದ್ದರಂತೆ. ಗಂಜ್ ಬಜಾರಿನ ತೊಗರಿ ವ್ಯಾಪಾರಿಯೊಬ್ಬ, ಅಪ್ಪಟ ಶಿವಭಕ್ತ, ಮಗನ ಮದುವೆಗೆ ಈ ಯಾದಿ ತರಿಸಿಕೊಂಡು ಓದಿ ಗಹಗಹಿಸಿ ನಕ್ಕನಂತೆ. “ನಮ್ಮ ಶಿವ ಹೆಂಡತಿಗೆ ಅರ್ಧ ಮೈನೇ ಕೊಟ್ಟು ಕುಂತಾನ. ನೀವು ಅರ್ಧ ಬಾಳಿಹಣ್ಣಿಗೆ ಬಡದಾಡಾಕತ್ತೀರಲ್ರೀ ಆಚಾರ್ರೇ!”

ಇಷ್ಟೆಲ್ಲ ಸೌಂದರ್ಯೋಪಾಸನೆ ಮಾಡುವ ಕಾಕಾ ನೋಡಲು ಹೇಗಿದ್ದ ಅಂತೀರಿ? ಕುಳ್ಳ, ಕಪ್ಪು, ಕಿವಿಯ ತುಂಬ ಕೂದಲು, ತುಟಿಗಿಂತ ಒಂದು ಹೆಜ್ಜೆ ಮುಂದೆ ಹಲ್ಲು! “ಈ ಮಾರಿ ಇಟ್ಕೊಂಡು ಚೆಲುವಿನ ಪಾಠ ಹೇಳ್ತೀಯಲ್ಲ” ಎಂದು ನಾನೇ ಒಮ್ಮೆ ಕೆಣಕಿದ್ದೆ. “ಹುಟ್ಟಿದ ಮಾರಿ ದೇವರದು, ತೊಳದ ಮಾರಿ ನಂದು. ನನ್ನ ಪಾಲಿಂದು ನಾ ಮಾಡೀನಿ” ಎಂದು ಕನ್ನಡಿಯ ಮುಂದೆ ಕಿವಿಯ ಕೂದಲು ಕತ್ತರಿಸುತ್ತ ಕೂತ. ಇನ್ನೂ ಒಂದು ವಿಚಿತ್ರವಿತ್ತು. ಕಾಕು, ಅಂದರೆ ಅವನ ಹೆಂಡತಿ, ಒಳಕೋಣೆಯಲ್ಲಿದ್ದರೆ ಅವನು ಸೀದಾ ಒಳಗೆ ಹೋಗುತ್ತಿರಲಿಲ್ಲ. ಪರದೆಯ ಆಚೆ ನಿಂತು “ಒಳಗ ಬರಲೇನು?” ಎನ್ನುತ್ತಿದ್ದ. ಅವಳು “ಬರ್ರಿ” ಎಂದ ಮೇಲೆಯೇ ಹೆಜ್ಜೆ! ಸ್ವಂತ ಮನೆಯಲ್ಲಿ ಪರವಾನಗಿ ಕೇಳುವ ಗಂಡಸು ಎಂದು ಓಣಿಯೆಲ್ಲ ನಗುತ್ತಿತ್ತು. ನಾನೂ ನಕ್ಕಿದ್ದೇನೆ.

ನಗುವ ಸರದಿ ಮುಗಿದು ನನ್ನ ಸರದಿ ಬಂತು. ಎಂಬತ್ತರ ದಶಕದ ಕೊನೆಯಲ್ಲಿ ನನ್ನ ಮದುವೆಯಾಯಿತು. ಹುಡುಗಿ ಕಮಲಾಪುರದವಳು, ಇಪ್ಪತ್ನಾಲ್ಕು ವರ್ಷ, ಅಲ್ಲೇ ಶಾಲೆಯಲ್ಲಿ ಟೀಚರು. ನಾನು ಇಪ್ಪತ್ತೇಳರ ಗುಮಾಸ್ತ, ಆಗಲೇ ನೆತ್ತಿ ಖಾಲಿಯಾಗತೊಡಗಿದವನು. ಕನ್ಯೆ ನೋಡಲು ಹೋದಾಗ ನಾಚಿಕೊಂಡು ಉಪ್ಪಿಟ್ಟನ್ನಷ್ಟೇ ನೋಡಿ ಬಂದಿದ್ದೆ. ಗಂಡ ಹೆಂಡತಿಯ ನಡುವೆ ಪ್ರೇಮ ಗೀಮವೆಲ್ಲ ಟಾಕೀಸಿನಲ್ಲಿ ಚೆಂದ, ಮನೆಯಲ್ಲಿ ಕರ್ತವ್ಯ ಮುಖ್ಯ ಎಂದು ಅಪ್ಪನ ಹಾಗೆಯೇ ನಂಬಿದ್ದೆ.

ಪ್ರಸ್ತ ಕಮಲಾಪುರದಲ್ಲಿ, ಅವರ ಮನೆಯಲ್ಲೇ. ಕಾಕಾ ನನ್ನ ಜೇಬಿಗೆ ಯಾದಿ ತುರುಕಿದ. ಅಪ್ಪ ನನ್ನ ಚೀಲಕ್ಕೆ ತಮ್ಮ ಅಲಾರಂ ಗಡಿಯಾರ ತುರುಕಿದರು. “ನಿನ್ನ ಕಾಕಾ ಹುಚ್ಚ. ಮುಹೂರ್ತ ಮೀರಬಾರದು. ಅಲಾರಂ ಇಟ್ಟೀನಿ.”

ಕೋಣೆಯಲ್ಲಿ ಅವಳು ಮಂಚದ ಆ ತುದಿಗೆ, ನಾನು ಈ ತುದಿಗೆ, ನಡುವೆ ತಟ್ಟೆಯಲ್ಲಿ ಕೆಂಪು ಬಾಳೆಹಣ್ಣು. ಹೆಸರು ಹಿಡಿದು ಕರೆಯೋಣವೆಂದು ಎರಡು ಸಲ ಬಾಯಿ ತೆರೆದು ಮುಚ್ಚಿದೆ. ಮಾತು ಬರದವನ ಕೈ ಸುಮ್ಮನಿರುತ್ತದೆಯೇ? ಅದು ತಟ್ಟೆಗೆ ಹೋಯಿತು. ಸಿಪ್ಪೆ ಸುಲಿಯಿತು. ಗಾಬರಿಯಲ್ಲಿ ಒಂದು ತುತ್ತು, ಇನ್ನೊಂದು ತುತ್ತು... ಇಡೀ ಹಣ್ಣು ನಾನೇ ತಿಂದೆ! ಅವಳು ನೋಡುತ್ತಲೇ ಇದ್ದಳು. ಕೊನೆಯ ತುತ್ತು ಬಾಯಲ್ಲಿದ್ದಾಗ ಚೀಲದೊಳಗಿಂದ ಅಲಾರಂ ಕಿರ್‍ರೆಂದು ಹೊಡೆದುಕೊಂಡಿತು. ಹೊರಗೆ ಅತ್ತೆಯರು, ಚಿಕ್ಕಮ್ಮಂದಿರು ಕಿಸಕ್ಕನೆ ನಕ್ಕರು. ತುಂಬಿದ ಬಾಯಲ್ಲಿ ನಾನು ನನ್ನ ದಾಂಪತ್ಯದ ಮೊದಲ ವಾಕ್ಯ ನುಡಿದೆ: “ಮುಹೂರ್ತ ಆತು.”

ಅವಳು ಚೀಲವನ್ನು ನೋಡಿದಳು, ನನ್ನ ಕೈಯಲ್ಲಿದ್ದ ಸಿಪ್ಪೆಯನ್ನು ನೋಡಿದಳು. “ನನಗ ತಲಿ ನೋಯ್ತದ” ಎಂದು ಆ ಗೋಡೆಗೆ ಮುಖ ಮಾಡಿ ಮಲಗಿದಳು. ನಾನು ಈ ಗೋಡೆಗೆ ಮುಖ ಮಾಡಿದೆ.

ಆಮೇಲೆ ಕಲಬುರಗಿಯ ಅಂಚಿಗೆ, ಕೋಟನೂರಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಸಂಸಾರ ಹೂಡಿದೆವು. ಅವಳು ಶಾಲೆಗೆ ರಜೆ ಹಾಕಿ ಬಂದಿದ್ದಳು. ಹಾಲು ಬಂತೇ, ನಳ ಬಂತೇ, ಇಷ್ಟೇ ಮಾತು. ಅಪ್ಪನ ಪಂಚಾಂಗ ಒಪ್ಪಿದ ದಿನ ಅವಳಿಗೆ ತಲೆನೋವು, ಅವಳಿಗೆ ತಲೆನೋವಿಲ್ಲದ ದಿನ ಏಕಾದಶಿ! ಆಷಾಢ ಬಂತು, ಪದ್ಧತಿಯಂತೆ ಅವಳು ತವರಿಗೆ ಹೋದಳು. ಶ್ರಾವಣ ಬಂತು, ಅವಳು ಬರಲಿಲ್ಲ. ಒಂದು ಇನ್‌ಲ್ಯಾಂಡ್ ಪತ್ರ ಬಂತು. ‘ನನಗೆ ಸಿಟ್ಟೇನೂ ಇಲ್ಲ. ಆದರೆ ಆ ಮನೆಯಲ್ಲಿ ನಾನು ಇದ್ದರೂ ಇಲ್ಲದಿದ್ದರೂ ಒಂದೇ ಅನ್ನಿಸುತ್ತದೆ. ಇಲ್ಲಿಯೇ ಶಾಲೆಯ ಕೆಲಸ ಮುಂದುವರಿಸುವ ವಿಚಾರದಲ್ಲಿದ್ದೇನೆ.’

ಅಪ್ಪ ಓದಿ “ಬರದೇ ಎಲ್ಲಿ ಹೋಗ್ತಾಳ?” ಎಂದರು. ಆದರೆ ಅವಳು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ನೆಟ್ಟಗೆ ಕಾಕಾನ ಮನೆಗೆ ಹೋದೆ. ಅವನು ಯಾದಿ ತೆಗೆದು ವಿಚಾರಣೆಗೆ ಕೂತ.

“ಉಗುರು?”

“ತೆಗೆದಿದ್ದೆ.”

“ಹಲ್ಲು?”

“ಉಜ್ಜಿದ್ದೆ.”

“ಗಡಿಯಾರ?”

“ಅಪ್ಪ ಚೀಲದಾಗ ಇಟ್ಟಿದ್ರು.”

“ಬಾಳಿಹಣ್ಣು? ಅರ್ಧ?”

“ಪೂರಾ.”

“ಅರೇ ದೇವಾ!” ಕಾಕಾ ಹಣೆ ಚಚ್ಚಿಕೊಂಡ. “ಹನ್ನೊಂದನೇದು?”

“ಏನ್ ಕೇಳೂದದ ಕಾಕಾ ಅದರಾಗ?”

ಸದಾ ನಗುವ ಮನುಷ್ಯ ಆಗ ನಗಲಿಲ್ಲ. “ಅದನ್ನೂ ನನ್ನ ಕೇಳ್ಲಿಕ್ಕತ್ತೀಯಲ್ಲೋ, ಅಕಿನ್ನ ಕೇಳೂದು ಬಿಟ್ಟು” ಎಂದು ಅಂಗಿ ಹಾಕಿಕೊಂಡ.

ಮರುದಿನ ಕಮಲಾಪುರದ ಟೆಂಪೋ ಹತ್ತಿದೆವು. ಜೋಳದ ಚೀಲ, ಕೋಳಿಬುಟ್ಟಿ, ಇಪ್ಪತ್ತು ಜನ. ಕಾಕಾನಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ! ಹೆಂಡತಿಯ ಮುಖ ನೋಡಬೇಕು, ಮಾತಾಡಬೇಕು, ಅವಸರ ಪಡಬಾರದು, ಅವಳಿಗೆ ಸುಖವಿಲ್ಲದ ಸುಖ ಪಾಪಕ್ಕೆ ಸಮ ಎಂದು ಮಹಾಗಾಂವ ಬರುವ ತನಕ ಉಪನ್ಯಾಸ. ನಾನು ಸೀಟಿನ ಕೆಳಗೆ ಜಾಗವಿದೆಯೇ ಎಂದು ನೋಡುತ್ತಿದ್ದೆ. ಟೆಂಪೋದ ಗಂಡಸರೆಲ್ಲ ಕಿಟಕಿಯಾಚೆ ಹೊಲ ನೋಡುತ್ತಿದ್ದರು. ಮಹಾಗಾಂವದಲ್ಲಿ ಇಳಿಯುವಾಗ ಕೋಳಿಬುಟ್ಟಿಯ ಮುದುಕಿ ಕಾಕಾನ ಮುಂದೆ ನಿಂತು ಹೇಳಿದಳು: “ಯಪ್ಪಾ, ನೀ ನಲವತ್ತು ವರ್ಷ ಮೊದಲ ಯಾಕ ಬರಲಿಲ್ಲೋ ನಮ್ಮೂರಿಗೆ?” ಯಾರೂ ನಗಲಿಲ್ಲ.

ಕಮಲಾಪುರದಲ್ಲಿ ಕಾಕಾ ಒಂದೇ ಒಂದು ಕೆಂಪು ಬಾಳೆಹಣ್ಣು ಕೊಂಡು ನನ್ನ ಕೈಗಿಟ್ಟ. ತಾನು ಪಡಸಾಲೆಯಲ್ಲಿ ಮಾವನಿಗೆ ಗ್ರಹಗತಿ ವಿವರಿಸುತ್ತ ಕೂತ. ನಾನು ಹಿತ್ತಲಿಗೆ ಹೋದೆ. ಅವಳು ಕಲ್ಲಿನ ಮೇಲೆ ಕೂತು ಶಾಲೆಯ ಮಕ್ಕಳ ನೋಟುಬುಕ್ಕು ತಿದ್ದುತ್ತಿದ್ದಳು. ಹೆಸರು ಹಿಡಿದು ಕರೆದೆ. ಯಾವ ಹೆಸರು ಎಂದು ನಿಮಗೆ ಹೇಳುವುದಿಲ್ಲ, ಅದು ನನ್ನದು. ಅವಳು ತಲೆ ಎತ್ತಿದಳು. ಹಣ್ಣು ಮುರಿದೆ. ಸಮ ಬರಲಿಲ್ಲ, ದೊಡ್ಡದನ್ನು ಅವಳಿಗೆ ಕೊಟ್ಟೆ.

“ನಿನಗ ಬರೋ ಮನಸ್ಸದ ಏನು? ಇಲ್ಲಂದ್ರ ಇಲ್ಲ ಅನ್ನು. ನಾ ಕರಕೊಂಡು ಹೋಗ್ಲಿಕ್ಕೆ ಬಂದಿಲ್ಲ, ಕೇಳ್ಲಿಕ್ಕೆ ಬಂದೀನಿ.”

ಅವಳು ನಿಧಾನವಾಗಿ, ನನ್ನನ್ನೇ ನೋಡುತ್ತ, ತನ್ನ ಪಾಲನ್ನು ಪೂರ್ತಿ ತಿಂದಳು. ಆಮೇಲೆ ಹೇಳಿದಳು: “ಅವತ್ತ ಹಿಂಗ ಕೇಳಿದ್ರ ಇಡೀ ಹಣ್ಣು ನಿಮಗೇ ಕೊಡ್ತಿದ್ದೆ.” ಹೇಳಿ ನಕ್ಕಳು. ಅವಳ ಎಡ ಹುಬ್ಬಿನ ಬಳಿ ಒಂದು ಮಚ್ಚೆ ಇತ್ತು, ಮುಂದಿನ ಹಲ್ಲುಗಳ ನಡುವೆ ಸಣ್ಣ ಸಂದು. ಮದುವೆಯಾಗಿ ನಾಲ್ಕು ತಿಂಗಳು, ನಾನು ಅದನ್ನು ನೋಡಿದ್ದು ಅವತ್ತು! ಚೆಲುವೆಯೋ ಅಲ್ಲವೋ ಎಂದು ಅಳೆಯಲು ನನಗೆ ಆಗಲಿಲ್ಲ, ಕಣ್ಣು ತೆಗೆಯಲೂ ಆಗಲಿಲ್ಲ. “ಎಂಟು ದಿನ ಬಿಟ್ಟು ಬರ್ತೀನಿ” ಎಂದಳು. ಎಂಟನೆಯ ದಿನ ಬಂದಳು. ಗಡಿಯಾರ ಅಪ್ಪನ ಮನೆಗೆ ವಾಪಸು ಹೋಯಿತು.

ಇಬ್ಬರೂ ಕಾಕಾನ ಕಾಲಿಗೆ ಬೀಳಲು ಹೋದಾಗ ಅವನು ಯಾವುದೋ ಲಗ್ನಕ್ಕೆ ಹೋಗಿದ್ದ. ಯಾದಿಯ ಮಾತು ತೆಗೆದು ನಗುತ್ತಿದ್ದ ನಮ್ಮನ್ನು ನೋಡಿ ಕಾಕು ಹೇಳಿದಳು: “ಅದು ಯಾವ ಶಾಸ್ತ್ರದಾಗೂ ಇಲ್ಲ ತಂಗಿ. ಉಗುರು ಅಂತ ಬರದಾರಲ್ಲ, ಅದು ನನ್ನ ತೋಳಿನ ಮ್ಯಾಲಿನ ಗೀರು. ತಂಬಾಕು ಇವರದೇ. ಗಡಿಯಾರಾನೂ ಇವರದೇ, ತೊಡಿ ಮ್ಯಾಲ ಇಟ್ಕೊಂಡು ಕೂತಿದ್ರು. ಇಪ್ಪತ್ತೊಂದು ವರ್ಷದಾಕಿ ನಾನು, ಎರಡು ವರ್ಷ ನಕ್ಕಿದ್ದಿಲ್ಲ. ಒಂದಿನ ಎದುರು ಕೂತು ‘ನಾ ಎಲ್ಲೆಲ್ಲಿ ತಪ್ಪಿದೆ ಹೇಳು’ ಅಂದ್ರು. ನಾ ಹೇಳ್ಕೋತ ಹೋದೆ, ಇವರು ಅಳಕೋತ ಬರಕೊಂಡ್ರು. ಇನ್ನೊಬ್ಬಾಕಿಗೆ ಹಂಗ ಆಗಬಾರದಂತ ಊರಿಗೆಲ್ಲ ಹಂಚ್ತಾರ.”

“ಬಾಳಿಹಣ್ಣು?” ಎಂದು ಕೇಳಿದಳು ನನ್ನವಳು.

“ಅದೊಂದು ತಪ್ಪಲ್ಲ. ಅದನ್ನ ಬರಕೊಂಡ ದಿನ ಮನ್ಯಾಗ ಒಂದೇ ಹಣ್ಣಿತ್ತು. ಅರ್ಧ ನನಗ ಕೊಟ್ರು.”

ಆ ದಿನದಿಂದ ನಾನು ಕಾಕಾನನ್ನು ನೋಡಿ ನಗುವುದನ್ನು ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ನಗು ಬಿಡಲಿಲ್ಲ, ಅದರ ಜಾತಿ ಬದಲಾಯಿತು.

ಹೊಸ ಶತಮಾನ ಬಂದು ಮೂರ್ನಾಲ್ಕು ವರ್ಷವಾಗಿತ್ತು. ಒಂದು ಸಂಜೆ ಕಾಕಾನ ಮನೆಗೆ ಹೋಗಿದ್ದೆ. ಅವನಿಗೆ ಎಪ್ಪತ್ತು ದಾಟಿತ್ತು, ಕಾಕುವಿಗೆ ಕಿವಿ ಮಂದವಾಗಿತ್ತು. ಇಸ್ತ್ರಿ ಮಾಡಿದ ಧೋತರ ಉಟ್ಟು, ಎರಡು ಕಪ್ ಚಹಾ ಹಿಡಿದು ಕಾಕಾ ಒಳಕೋಣೆಯ ಪರದೆಯ ಬಳಿ ನಿಂತಿದ್ದ. ಸಣ್ಣಗೆ ಅತ್ತರಿನ ವಾಸನೆ ಬರುತ್ತಿತ್ತು. “ಒಳಗ ಬರಲೇನು?” ಎಂದ. ಕಾಕು ಕಿಟಕಿಗೆ ಮುಖ ಮಾಡಿ ಪುಸ್ತಕ ಓದುತ್ತಿದ್ದಳು. ಉತ್ತರವಿಲ್ಲ. ಮತ್ತೆ ಕೇಳಿದ.

“ಅಕಿಗೆ ಕೇಳಿಸಿಲ್ಲ ಕಾಕಾ. ಚಹಾ ಆರ್ತದ, ಹೋಗು ಒಳಗ” ಎಂದೆ.

“ಕೇಳಿಸಿಲ್ಲ ಅಂದ್ರ ಇನ್ನೂ ಹೂಂ ಅಂದಿಲ್ಲ ಅಂತ ಅರ್ಥ” ಎಂದು ಅಲ್ಲೇ ನಿಂತ.

ಎಷ್ಟೋ ಹೊತ್ತಿಗೆ ಕಾಕು ಹಾಳೆ ತಿರುವುತ್ತ ತಿರುಗಿ ನೋಡಿದಳು. ಅವಳು ಕೂಡಲೇ ಕರೆಯಲಿಲ್ಲ. ಪುಸ್ತಕ ಬದಿಗಿಟ್ಟಳು, ಗೋಡೆಯ ಕನ್ನಡಿಯಲ್ಲಿ ಇಣುಕಿ ನೆರೆತ ಕೂದಲು ಒತ್ತಿಕೊಂಡಳು, ಸೆರಗು ಸರಿ ಮಾಡಿಕೊಂಡಳು. ಆಮೇಲೆ “ಬರ್ರಿ” ಎಂದಳು.