ನೊರೆ ಬರದ ಶನಿವಾರ

ಮೀನಿನ ತೊಟ್ಟಿಯ ಗಾಜು ಬಿರಿಯಬಹುದಿತ್ತು. ಬಿರಿದರೆ ಉಪ್ಪುನೀರು ನಡುಮನೆ ದಾಟಿ ಅವ್ವನ ಮಂಚದ ಕೆಳಗಿನ ರಾಗಿ ಮೂಟೆಗೆ ನುಗ್ಗಬಹುದಿತ್ತು. ಆಮೇಲೆ ತಿಂಗಳಿಡೀ ನಾವು ಉಪ್ಪು ಹಾಕದೆಯೇ ಮುದ್ದೆ ತಿರುವಬಹುದಿತ್ತು. ಮೋಟಾರಿನ ಕರೆಂಟು ನೀರಿಗಿಳಿದು ನಾನೂ ಮೀನೂ ಒಟ್ಟಿಗೆ ಹೋಗಿಬಿಡಬಹುದಿತ್ತು. ಪೈಪು ಅಂಟಿಸುವ ಗೋಂದಿನ ವಾಸನೆಗೆ ನನ್ನ ಹೆಂಡತಿ ಸರೋಜಳಿಗೆ ತಲೆ ಸುತ್ತಬಹುದಿತ್ತು. ಕರೆಂಟು ಹೋಗಬಹುದಿತ್ತು. ಹೋದದ್ದು ಎರಡರಷ್ಟು ಜೋರಾಗಿ ವಾಪಸು ಬರಬಹುದಿತ್ತು. ಪಕ್ಕದ ಮನೆಯ ಬೆಕ್ಕು ಕಾದದ್ದು ಸಾಕೆಂದು ತೊಟ್ಟಿಯೊಳಕ್ಕೇ ಹಾರಬಹುದಿತ್ತು.

ಇಷ್ಟನ್ನೂ ನಾನು ಮೊದಲೇ ಯೋಚಿಸಿದ್ದೆ. ಚಿಂತೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಮೇಟ್ಟೂರು ಬಳಿಯ ನಮ್ಮ ಕೊಳತ್ತೂರಿನಲ್ಲಿ ಯಾರೂ ಇಲ್ಲ. ಬಸ್ಸು ಹತ್ತುವ ಮೊದಲೇ, ಅದು ಕೆಟ್ಟು ನಿಲ್ಲುವ ಜಾಗದಲ್ಲಿ ಟೀ ಅಂಗಡಿ ಇದೆಯೇ ಎಂದು ಕಂಡಕ್ಟರನ್ನು ವಿಚಾರಿಸುವವನು ನಾನು. ಆದ್ದರಿಂದ ತೊಟ್ಟಿಯ ಕೆಳಗೆ ರಬ್ಬರ್ ಹಾಸು, ಮೋಟಾರಿಗೆ ಎತ್ತರದ ಹಲಗೆ, ಸರೋಜಳಿಗೆ ಹಿತ್ತಿಲಲ್ಲಿ ಕುರ್ಚಿ, ಬೆಕ್ಕಿಗೆ ಒಂದು ಜಿಲೇಬಿ ಮೀನಿನ ತಲೆ, ಎಲ್ಲ ಏರ್ಪಾಡೂ ಆಗಿತ್ತು. ನಾನು ಹೆದರಿದ್ದರಲ್ಲಿ ಒಂದೂ ಆಗಲಿಲ್ಲ!

ಸರೋಜಳ ತಮ್ಮ ಮುರುಗೇಶ ಸೇಲಂನಲ್ಲಿರುತ್ತಾನೆ. ಅವನ ಬಳಿ ಎರಡು ಕಡಲ ಮೀನುಗಳಿವೆ. ಹೆಬ್ಬೆರಳಿನಷ್ಟು ಉದ್ದ, ಕಿತ್ತಳೆ ಬಣ್ಣ, ಮೈಮೇಲೆ ಬಿಳಿ ಪಟ್ಟೆ. ತೋರಿಸಿದ ಹೆಣ್ಣುಗಳನ್ನೆಲ್ಲ ಒಲ್ಲೆ ಎಂದವನು ಈ ಎರಡು ಮೀನುಗಳಿಗೆ ಪ್ರಾಣ ಬಿಡುತ್ತಾನೆ. ಮನೆ ಬದಲಾಯಿಸುವಾಗ, ಹೊಸ ಮನೆಯ ಪೇಂಟಿನ ವಾಸನೆ ಹೋಗುವವರೆಗೆ ಇರಲಿ ಎಂದು ತೊಟ್ಟಿಯ ಸಮೇತ ನಮ್ಮಲ್ಲಿ ತಂದಿಟ್ಟ.

"ಬಾವಾ, ಇವು ನನ್ ಉಸ್ರು. ಶನಿವಾರ ಸಾಯಂಕಾಲ ಬಂದು ತಗೊಂಡೋಯ್ತೀನಿ. ಅಲ್ಲಿಗಂಟ ಪತ್ತಿರಮಾ, ಉಷಾರಾಗಿ ನೋಡ್ಕೊಳಿ."

ದಾರಿಯಲ್ಲಿ ವ್ಯಾನು ಕುಲುಕಿದ ರಭಸಕ್ಕೆ ತೊಟ್ಟಿಯ ಪ್ರೋಟೀನ್ ಸ್ಕಿಮ್ಮರ್ ಎಂಬ ಯಂತ್ರ ಒಡೆದುಹೋಗಿತ್ತು. ಹೆಸರು ಕೇಳಿ ಹೆದರಬೇಡಿ. ಮೀನು ತಿಂದು ಉಳಿಸಿದ್ದು, ತಿಂದಾದ ಮೇಲೆ ಬಿಟ್ಟದ್ದು, ಎರಡೂ ಕರಗಿ ಉಪ್ಪುನೀರು ಕೆಡುತ್ತದೆ. ಒಂದು ಕೊಳವೆಯೊಳಗೆ ಸಣ್ಣ ಸಣ್ಣ ಗಾಳಿಗುಳ್ಳೆ ಬಿಟ್ಟರೆ ಆ ಕೊಳೆ ನೊರೆಯಾಗಿ ಮೇಲೇರಿ ಒಂದು ಬಟ್ಟಲಿಗೆ ಬೀಳುತ್ತದೆ. ಬಟ್ಟಲು ತೊಳೆದರೆ ಆಯಿತು. ಅಷ್ಟೇ!

"ಒಸದು ಕೊರಿಯರ್‌ನಾಗೆ ತರಿಸ್ಲಾ ಬಾವಾ?"

"ಯಾಕಪ್ಪಾ? ನಾನೇ ಮಾಡ್ತೀನಿ ಬುಡು. ಒಂದು ಪೈಪು, ಒಂದು ಮೋಟ್ರು. ದಿನಾ ನಾನು ಮಾರೋದೇ ಅದನ್ನಲ್ವಾ?" ಎಂದೆ.

ನನ್ನದು ಹನಿ ನೀರಾವರಿ ಪೈಪಿನ ಅಂಗಡಿ. ಸುತ್ತಲಿನ ಅರ್ಧ ತೋಟಗಳಿಗೆ ನೀರು ಕಾಣಿಸಿದವನಿಗೆ ಒಂದು ಗಾಜಿನ ಪೆಟ್ಟಿಗೆ ಯಾವ ಲೆಕ್ಕ!

ಶುಕ್ರವಾರ ಸಂಜೆಗೆ ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚತೊಡಗಿದವು. ಇನ್ನು ತಡಮಾಡಿದರೆ ಮುರುಗೇಶನಿಗೆ ಖಾಲಿ ತೊಟ್ಟಿ ಒಪ್ಪಿಸಬೇಕಾದೀತು. ಶನಿವಾರ ಬೆಳಿಗ್ಗೆಯೇ ಕೆಲಸ ಶುರು ಎಂದು ನಿಶ್ಚಯಿಸಿದೆ. ಆದರೆ ನಮ್ಮ ಮನೆಯಲ್ಲಿ ಶನಿವಾರ ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ ಬೇರೆಯೇ ಇದೆ: ಎಣ್ಣೆ ನೀರಿನ ಸ್ನಾನ. ಅವ್ವ ನಲ್ಲೆಣ್ಣೆಯನ್ನು, ಅಂದರೆ ಎಳ್ಳೆಣ್ಣೆಯನ್ನು, ಬೆಚ್ಚಗೆ ಮಾಡಿ, ಬಟ್ಟಲು ಹಿಡಿದು, ಹಿತ್ತಿಲಲ್ಲಿ ಮಣೆ ಹಾಕಿ ಕಾಯುತ್ತಿದ್ದಳು.

"ಲೇ ಮಾದೇಶ, ಬಾ, ಕೂರು."

"ಅವ್ವಾ, ಇವತ್ತೊಂದಿನ ಬ್ಯಾಡ. ಮೀನು ಸಾಯ್ತಾ ಅವೆ."

"ಮೀನು ಸಾಯ್ತವೆ ಅಂತ ನೀನು ಮೈಗೆ ಸೂಡು, ಉಸ್ಣ ಏರಿಸ್ಕೊಂಡು ಸಾಯ್ತೀಯಾ? ಕೂರ್ಲಾ!"

ಐವತ್ತು ದಾಟಿದ, ಅಂಗಡಿಯ ಮಾಲೀಕನಾದ ನಾನು ಕೂತೆ. ನೆತ್ತಿಯಿಂದ ಬೆರಳ ತುದಿಯವರೆಗೆ ಎಣ್ಣೆ ತಿಕ್ಕಿಸಿಕೊಂಡೆ.

"ಅರ್ಧ ಗಂಟೆ ನೆನೀಲಿ. ಆಮ್ಯಾಕೆ ಜಿಡ್ಡು ಓಗೋಂಗೆ ಅರಪ್ಪು ಪುಡಿ ಆಕ್ಕೊಂಡು ನೀರು ಉಯ್ಕೊ," ಎಂದು ಅವ್ವ ಹಂಡೆಯ ಒಲೆಯತ್ತ ಹೋದಳು.

ಎಣ್ಣೆ ನೆನೆಯುವ ಹೊತ್ತು ನನ್ನಂಥವನಿಗೆ ಬಹಳ ಅಪಾಯಕಾರಿ. ಅಂಗಿ ಹಾಕುವಂತಿಲ್ಲ, ಕುರ್ಚಿಯಲ್ಲಿ ಕೂರುವಂತಿಲ್ಲ, ಬೀದಿಗೆ ಹೋಗುವಂತಿಲ್ಲ. ನಿಂತುಕೊಂಡು ಚಿಂತೆ ಮಾಡಬಹುದು, ಅಷ್ಟೇ. ಅಮೂಲ್ಯವಾದ ಅರ್ಧ ಗಂಟೆ ವ್ಯರ್ಥವಾಗಬಾರದೆಂಬ ಉದಾತ್ತ ಧ್ಯೇಯದಿಂದ, ಟವೆಲು ಬಿಗಿದು ಕಾರ್ಯಾರಂಭ ಮಾಡಿದೆ.

ಪೈಪಿನ ಅಡಿಗೆ ಗಾಳಿ ಬಿಡುವ ಕಲ್ಲು, ಅಲ್ಲಿಂದ ಮೋಟಾರಿಗೆ ತೋಟದ ಸಣ್ಣ ಟ್ಯೂಬು, ತುದಿಗೆ ನೊರೆ ಬೀಳಲು ಐಸ್‌ಕ್ರೀಮ್ ಡಬ್ಬಿ. ಮೊಣಕೈವರೆಗೆ ತೋಳು ಮುಳುಗಿಸಿ ಯಂತ್ರವನ್ನು ತೊಟ್ಟಿಯೊಳಗೆ ಪ್ರತಿಷ್ಠಾಪಿಸಿದೆ. ಸ್ವಿಚ್ಚು ಒತ್ತಿದೆ. ಗುಳುಗುಳು ಎಂದಿತು. ಗುಳ್ಳೆ ಬಂತು.

ನೊರೆ ಬರಲಿಲ್ಲ.

ಕಲ್ಲು ಓರೆಯಾಗಿರಬೇಕು ಎಂದು ಮತ್ತೆ ತೋಳು ಇಳಿಸಿ ನೇರ ಮಾಡಿದೆ. ನೊರೆ ಇಲ್ಲ. ಪೈಪು ಗಿಡ್ಡವಾಯಿತೇನೋ ಎಂದು ಉದ್ದದ್ದು ತಂದು, ಈ ಸಲ ಭುಜದವರೆಗೆ ಇಳಿದು ನಿಲ್ಲಿಸಿದೆ. ಸರಿಯಾಗಿ ನಿಂತಿದೆಯೇ ಎಂದು ಎರಡು ಸಲ ಮುಟ್ಟಿ ನೋಡಿದೆ. ಸಮಾಧಾನವಾಗದೆ ಇನ್ನೊಂದು ಸಲ ಮುಟ್ಟಿದೆ.

ಕಿಟಕಿಯಲ್ಲಿ ಪಕ್ಕದ ಮನೆಯ ಕುಪ್ಪುಸಾಮಿ ಮಾಮ ಕಾಣಿಸಿಕೊಂಡರು. ಮೇಟ್ಟೂರು ಡ್ಯಾಮಿನಲ್ಲಿ ಮೀನು ಹಿಡಿಯುವವರು.

"ಏನ್ಲಾ ಮಾದೇಶ, ಎಣ್ಣೆ ಮೈನಾಗೆ ನಿಂತಿದೀಯ? ಮೀನ್ಗೂ ಎಣ್ಣೆ ನೀರಾ ಇವತ್ತು?"

"ಇದು ಸೈನ್ಸು ಮಾಮಾ. ನಿಮ್ಗೆ ಗೊತ್ತಾಗಲ್ಲ."

"ಆ ಮೀನು ಓದ್ರೆ ಓಗ್ಲಿ ಬುಡು. ಡ್ಯಾಮಿಂದ ಎರಡು ಜಿಲೇಬಿ ಮೀನು ತಂದು ಬುಡ್ತೀನಿ, ಪಟ್ಟೆ ಬೇಕಾದ್ರೆ ನೀನೇ ಬರ್ಕೊ!"

ಅವಮಾನವಾಯಿತು. ಅವಮಾನವಾದಾಗ ನಾನು ದೊಡ್ಡ ಮೋಟಾರು ತರುತ್ತೇನೆ. ಅಂಗಡಿಯ ಕೀ ಕೊಟ್ಟು ಮಾಮನಿಂದಲೇ ತರಿಸಿ ಜೋಡಿಸಿ ಸ್ವಿಚ್ಚು ಒತ್ತಿದೆ. ಐಸ್‌ಕ್ರೀಮ್ ಡಬ್ಬಿ ಹಾರಿ ಚಾವಣಿಗೆ ಬಡಿಯಿತು. ಅದರ ಹಿಂದೆಯೇ ಸಮುದ್ರ ಬಂತು! ಗೋಡೆಯ ಮೇಲಿನ ಮುರುಗ ದೇವರ ಕ್ಯಾಲೆಂಡರಿನಿಂದ ಉಪ್ಪುನೀರು ತೊಟ್ಟಿಕ್ಕಿತು. ನೊರೆ ಮಾತ್ರ ಬರಲಿಲ್ಲ. ಹಳೆಯ ಮೋಟಾರನ್ನೇ ಮತ್ತೆ ಜೋಡಿಸಿದೆ. ಹೇಳಬೇಕೆ, ತೋಳು ಮತ್ತೆ ನೀರಿಗೆ.

"ಅಂಡೆ ನೀರು ಎರಡ್ ಕಿತ ತಣ್ಣಗಾಯ್ತು, ಅರ್ಧ ಗಂಟೆ ಓಗಿ ಅರ್ಧ ದಿನ ಆಯ್ತು!" ಎಂದು ಹಿತ್ತಿಲಿಂದ ಅವ್ವನ ಕೂಗು.

ಮೀನುಗಳ ಸ್ಥಿತಿ ಬೆಳಿಗ್ಗೆಗಿಂತ ಕೆಟ್ಟಿತ್ತು. ಎರಡೂ ನೀರಿನ ಮೇಲ್ಮೈಗೆ ಬಾಯಿ ಅಂಟಿಸಿಕೊಂಡು ನನ್ನನ್ನೇ ನೋಡುತ್ತಿದ್ದವು. ಒಂದು ಆಗಲೇ ಓರೆಯಾಗಿ ತೇಲತೊಡಗಿತ್ತು. ಸೇಲಂನಲ್ಲಿ ವ್ಯಾನು ಹತ್ತಿರುತ್ತಾನೆ ಮುರುಗೇಶ. ಅವನ ಮುಖಕ್ಕೆ ಏನು ಹೇಳಲಿ?

ಆಗ ಸರೋಜ ಹಿತ್ತಿಲ ಕುರ್ಚಿಯಿಂದ ಎದ್ದು ಒಳಗೆ ಬಂದಳು.

"ಏನ್ರೀ, ನೀರ್ ಮ್ಯಾಲೆ ಇದೇನು ಬಣ್ಣ ಬಣ್ಣ ತೇಲ್ತಾ ಐತೆ?"

"ಕಡಲ ನೀರು ಅಂಗೇ ಇರ್ತದೆ," ಎಂದೆ. ಕಡಲನ್ನು ನಾನು ನೋಡಿರುವುದು ರಾಮೇಶ್ವರದಲ್ಲಿ ಒಂದೇ ಸಲ, ಅದೂ ಕಣ್ಣು ಮುಚ್ಚಿ ಮುಳುಗುವಾಗ.

ಅವಳು ನೀರಿಗೆ ಬೆರಳ ತುದಿ ತಾಕಿಸಿ ಮೂಸಿದಳು. ನನ್ನ ತೋಳು ನೋಡಿದಳು. ಮತ್ತೆ ಬೆರಳು ನೋಡಿದಳು.

"ಬ್ಯಾಳೆ ಬೇಯೋಕೆ ಇಡುವಾಗ ಕುಕ್ಕರ್‌ಗೆ ಎರಡು ತೊಟ್ಟು ಎಣ್ಣೆ ಬುಡ್ತೀನಲ್ಲ, ಯಾಕೆ ಏಳಿ?"

"ರುಚಿಗೆ?"

"ನೊರೆ ಬರ್ದೇ ಇರ್ಲಿ ಅಂತ!"

ಬೆಳಗಿನಿಂದ ನಾನು ನೊರೆ ಬರಿಸುವ ಯಂತ್ರವನ್ನು ಸರಿಪಡಿಸುವ ನೆಪದಲ್ಲಿ, ನೊರೆ ಅಡಗಿಸುವ ಔಷಧಿಯನ್ನು ತೋಳುಗಟ್ಟಲೆ ಅದ್ದುತ್ತಾ ಬಂದಿದ್ದೆ. ಮೀನುಗಳ ಉಸಿರಿಗೂ ಮುಚ್ಚಳ ಹಾಕಿದ್ದೆ.

ಅವ್ವ ಬಂದು ತೊಟ್ಟಿ ನೋಡಿ ಹಣೆ ಬಡಿದುಕೊಂಡಳು. "ನಿನ್ ತಲೆಗೆ ಎಣ್ಣೆ ಇಡೀಲಿ ಅಂತ ತಿಕ್ಕಿದ್ರೆ ಮೀನ್ ತಲೆಗೆ ಇಡಿಸ್ಬುಟ್ಯಲ್ಲೋ! ಪಾವಂ, ಪಾಪ ಅವು!"

ನನ್ನನ್ನು ಬಚ್ಚಲಿಗೆ ಅಟ್ಟಲಾಯಿತು. ಅರಪ್ಪು ಹಾಕಿ ಮೂರು ಸಲ ತಿಕ್ಕಿಕೊಂಡು ಬರುವಷ್ಟರಲ್ಲಿ ಸರೋಜ ಪೈಪನ್ನು ಕಿತ್ತು ಬಿಸಿನೀರಿನಲ್ಲಿ ತೊಳೆದು, ಬೋಂಡಾದ ಎಣ್ಣೆ ಹೀರಿಸುವಂತೆ ನೀರಿನ ಮೇಲೆ ಕಾಗದ ಹಾಸಿ ಹಾಸಿ ಎತ್ತುತ್ತಿದ್ದಳು. ಒಂದೊಂದು ಕಾಗದಕ್ಕೂ ನೀರಿನ ಮೇಲಿನ ಬಣ್ಣ ಕಡಿಮೆಯಾಯಿತು. ಓರೆಯಾಗಿದ್ದ ಮೀನು ನೆಟ್ಟಗಾಯಿತು. ನಾನು ಬಾಗಿಲ ಬಳಿಯೇ ನಿಂತು ನೋಡಿದೆ. ಕೊನೆಗೆ ಎರಡೂ ಮೀನು ತಳಕ್ಕಿಳಿದು ಕಲ್ಲಿನ ಸಂದಿಗೆ ನುಗ್ಗಿದಾಗ ನನಗೆ ಕಣ್ಣು ಒದ್ದೆಯಾಯಿತು. ಅರಪ್ಪು ಕಣ್ಣಿಗೆ ಹೋಗಿತ್ತು ಎಂದೆ.

ಮುರುಗೇಶ ಬಂದು ಟೀ ಲೋಟ ಹಿಡಿಯುವ ಹೊತ್ತಿಗೆ ಪೈಪಿನಲ್ಲಿ ನೊರೆ ಏರತೊಡಗಿತ್ತು. ಡಬ್ಬಿಗೆ ಕಂದು ಬಣ್ಣದ, ನಾರುವ ಒಂದು ಹನಿ ಬಿತ್ತು. ಅಷ್ಟು ಸುಂದರವಾದ ಕೊಳೆಯನ್ನು ನಾನು ಈವರೆಗೆ ಕಂಡಿಲ್ಲ.

"ಬಾವಾ! ಸೂಪರ್! ಅಂಗಡೀದು ಯಾಕೆ ಬೇಕು? ಇದನ್ನೇ ತಗೊಂಡೋಯ್ತೀನಿ. ಎಲ್ಲಾ ನೀವೇ ಮಾಡಿದ್ದಾ?"

"ಔದಪ್ಪಾ," ಎಂದಳು ಸರೋಜ. "ಎಲ್ಲಾ ಇವ್ರೇ ಮಾಡಿದ್ದು. ಬೆಳಿಗ್ಗೆಯಿಂದ ತೊಟ್ಟೀನ ಬುಟ್ಟಿದ್ದೇ ಇಲ್ಲ."

ನಾನು ವಿನಯದಿಂದ ನಕ್ಕೆ. ಆದರೆ ನೊರೆ ಸ್ವಲ್ಪ ನಿಧಾನವಾದಂತೆ ಕಂಡಿತು. ಕಲ್ಲು ಜರುಗಿತೇ? ಟ್ಯೂಬು ಸಡಿಲವಾಯಿತೇ? ನನಗರಿವಿಲ್ಲದೆಯೇ ತೋಳು ಮೇಲೇರಿತು. ಸರೋಜಳ ಸೌಟು ಸರಿಯಾಗಿ ಮಣಿಕಟ್ಟಿನ ಮೇಲೆ ಬಿತ್ತು.

ಆದ ತಪ್ಪು ಸಣ್ಣದು, ಒಂದೇ ಒಂದು. ಏನಾದರೂ ತಪ್ಪಾಗಿದೆಯೇ ಎಂದು ನಾನು ಕೈ ಹಾಕಿ ನೋಡುತ್ತಿದ್ದೆ.