ಒಂದಕ್ಷರವೂ ದುಂಡಗಿಲ್ಲದ ಬೋರ್ಡು

“ಇನ್ನು ಮುಂದೆ ಈ ಕೈಯಿಂದ ಒಂದೇ ಒಂದು ದುಂಡಕ್ಷರ ಹುಟ್ಟಿದರೆ ಕೇಳಿ!” ಎಂದು ಬೋರ್ಡು ಬರೆಯುವವನು ಶಪಥ ಮಾಡಿದ್ದ. ಹದಿನೆಂಟು ವರ್ಷ ಅಕ್ಷರ ಸುತ್ತಿಸಿ ಸುತ್ತಿಸಿ ಅವನಿಗೆ ತಲೆಸುತ್ತು ಬಂದಿತ್ತು. ಮುಂದಿನ ನೂರು ವರ್ಷಕ್ಕಾಗುವ ಅಕ್ಷರವನ್ನು ತಾನೇ ಸೃಷ್ಟಿಸುತ್ತೇನೆಂದು ಸ್ಕೇಲು ಹಿಡಿದು ಕೂತ. ಬರೀ ಚೌಕ, ಬರೀ ತ್ರಿಕೋನ. ಸೊನ್ನೆಗೂ ನಾಲ್ಕು ಮೂಲೆ! ಗೇಣುದ್ದದ ಆ ಅಕ್ಷರಗಳನ್ನು ಕಬ್ಬಿಣದ ತಗಡಿನಲ್ಲಿ ಕತ್ತರಿಸಿ, ಹೆಂಡತಿಯ ಹೊಸ ಹೊಲಿಗೆ ಅಂಗಡಿಯ ನೆತ್ತಿಗೆ ಬೋಲ್ಟು ಹಾಕಿ ಬಿಗಿದ.

ಹೆಂಡತಿ ಹನ್ನೊಂದು ವರ್ಷ ಕಂಡವರ ಅಂಗಡಿಯಲ್ಲಿ ಗುಂಡಿ ಹಚ್ಚಿ, ಅಂದು ಮೊದಲ ಸಲ ತನ್ನದೇ ಬಾಗಿಲು ತೆರೆದಿದ್ದಳು. ಇನ್ನೂರು ಮಕ್ಕಳ ಸಮವಸ್ತ್ರ ಹೊಲಿಸಲು ಶಾಲೆಯ ಹೆಡ್‌ಮಿಸ್ಸು ಹತ್ತು ಗಂಟೆಗೆ ಬರುವವರಿದ್ದರು. ಆ ಕೆಲಸ ಸಿಕ್ಕರೆ ಅಂಗಡಿ ನಿಂತಂತೆ. ಇಲ್ಲವಾದರೆ ಮತ್ತೆ ಕಂಡವರ ಗುಂಡಿಯೇ ಗತಿ.

“ಇದರಲ್ಲಿ ಹೊಲಿಗೆ ಅಂತ ಎಲ್ಲಿದೆ ರೀ?” ಎಂದಳು ಅವಳು.

“ಕಣ್ಣು ಪಳಗಬೇಕು ಕಣೇ.”

“ಅಳಿಯಂದ್ರೇ, ಬಟ್ಟೆ ಒಣಗಿಸೋಕೆ ಮಾಡಿಸಿದ್ರಾ?” ಎಂದು ಅತ್ತೆ ವಿಚಾರಿಸಿದರು. ಅವನಿಗೆ ಮೈಯೆಲ್ಲ ಉರಿದುಹೋಯಿತು.

ಮೊದಲ ಗಿರಾಕಿ ಮುರಿದ ಗೇಟು ಹೊತ್ತುಕೊಂಡು ಬಂದ. “ವೆಲ್ಡಿಂಗಿಗೆ ಎಷ್ಟು ಹೊತ್ತಾಗುತ್ತೆ?”

“ಬೋರ್ಡು ಓದೋಕೆ ಬರಲ್ವೇನ್ರೀ?”

“ಏನಾದ್ರೂ ಬರೆದಿದ್ರೆ ತಾನೇ ಓದೋದು?”

ಊರಿಗೆ ಊರೇ ಹೆಬ್ಬೆಟ್ಟು ಎಂದು ಅವನು ಹಲ್ಲು ಕಡಿದ. ಗೇಟಿನವನ ಜೊತೆ ಜಗಳ ಜೋರಾಗಿ, ಬೀದಿಯಲ್ಲಿ ಯಾರು ಬಂದರು, ಯಾರು ಹೋದರು ಎಂಬುದನ್ನೂ ನೋಡಲಿಲ್ಲ. ಅಷ್ಟರಲ್ಲಿ ಹೆಂಡತಿಯ ಫೋನು ಬಡಿದುಕೊಂಡಿತು.

“ನಿಮ್ಮ ಬೀದೀಲಿ ಎರಡು ಸಲ ಓಡಾಡಿದೆ. ಇರೋದು ಒಂದು ಗ್ಯಾರೇಜು, ಅಲ್ಲೂ ಯಾರೋ ಕಿರುಚಾಡ್ತಿದ್ದಾರೆ. ನಾನು ಬೇರೆ ಕಡೆ ನೋಡ್ಕೊಳ್ತೀನಮ್ಮ” ಎಂದರು ಹೆಡ್‌ಮಿಸ್ಸು.

“ಐದೇ ನಿಮಿಷ ಮೇಡಂ, ಇನ್ನೊಂದೇ ಒಂದು ಸಲ ಬನ್ನಿ” ಎಂದು ಗೋಗರೆದು ಅವಳು ಫೋನಿಟ್ಟಳು. ಗಂಡನ ಕಡೆ ತಿರುಗಿದಳು.

“ಈ ಕೆಲಸ ಕೈತಪ್ಪಿದ್ರೆ ನೋಡಿ. ಆ ತಗಡಿನ ಜೊತೆ ನಿಮ್ಮನ್ನೂ ಗುಜರಿಗೆ ಹಾಕ್ತೀನಿ.”

ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದು, ಬಾಗಿಲ ತುಂಬ ‘ಹೊಲಿಗೆ ಅಂಗಡಿ’ ಎಂದು ದುಂಡಗೆ ಬರೆದಳು.

ಹೆಡ್‌ಮಿಸ್ಸು ನೆಟ್ಟಗೆ ಒಳಗೆ ಬಂದರು. ಇನ್ನೂರು ಮಕ್ಕಳ ಅಳತೆಯ ಪಟ್ಟಿ ಮೇಜಿನ ಮೇಲಿಟ್ಟರು. ಹೊರಡುವಾಗ ಬಾಗಿಲ ಬಳಿ ನಿಂತರು.

“ಎಷ್ಟು ಚೆಂದದ ಅಕ್ಷರ. ನಮ್ಮ ಶಾಲೆ ಬೋರ್ಡೂ ಮಾಸಿಹೋಗಿದೆ. ಬರೆದವರು ಯಾರು?”

ಬೋರ್ಡು ಬರೆಯುವವನು ಅಂಗಿ ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದ.

“ನಾನೇ ಮೇಡಂ” ಎಂದಳು ಹೆಂಡತಿ.

“ಹೌದಾ? ಮತ್ತೆ ಮೇಲಿರೋದು?”

“ಅದು ಕಿಟಕಿ ಗ್ರಿಲ್ಲು. ಅಳತೆ ತಪ್ಪಿತು, ಅಲ್ಲಿಟ್ಟಿದ್ದೀವಿ.”

“ಇವರು?”

ಅವಳು ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು.

“ಇವರಾ? ನಾನು ಬೋರ್ಡು ಬರೆಯೋವಾಗ ಏಣಿ ಹಿಡ್ಕೊಳ್ತಾರೆ.”